ಅಡ್ವಾನ್ಸ್ ಎಂಬ ಒತ್ತೆ

ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಬಾಡಿಗೆಗೆ ಮನೆ ಹಿಡಿಯುವವರು, ಪೀಣ್ಯದ ಕಾರ್ಖಾನೆಗಳಲ್ಲಿಯೂ ಗಾರ್ಮೆಂಟ್ಸ್‌ಗಳಲ್ಲಿಯೂ ದುಡಿದು ಕೂಡಿಟ್ಟ ಹಣವನ್ನು ಹತ್ತು ತಿಂಗಳ ಅಡ್ವಾನ್ಸೆಂದು ಒಮ್ಮೆಗೇ ಮಾಲೀಕರ ಕೈಗಿಟ್ಟು ಒಳಹೋಗುವುದು ಬಹುಕಾಲದ ರೂಢಿ. 8,000 ರೂಪಾಯಿ ಬಾಡಿಗೆಯಾದರೆ ಅಡ್ವಾನ್ಸ್ 80,000. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯೇ ಮಿತಿಯೆನ್ನುತ್ತದೆ. ಆದರೆ ರಾಜ್ಯವು ಶಾಸನ ಮಾಡದ ಹೊರತು ಮಾದರಿಯು ಯಾರನ್ನೂ ಕಟ್ಟಿಹಾಕದು. ಇಷ್ಟು ಹಣದ ಬಡ್ಡಿ ನಷ್ಟವಾಗುವುದನ್ನು ನಾನು ಅಷ್ಟು ದೊಡ್ಡದೆಂದು ಎಣಿಸಲಾರೆ. ಹಣದೊಡನೆ ಬಾಡಿಗೆದಾರನ ಧೈರ್ಯವೂ ಒತ್ತೆ ಬೀಳುವುದೇ ನನ್ನನ್ನು ಬಾಧಿಸುವ ಸಂಗತಿ.

ಅಲ್ಲಿನ ವಠಾರವೊಂದರಲ್ಲಿ ನಾವು ವಾಸವಾಗಿದ್ದಾಗ, ಹೆಚ್ಚು ಬಾಡಿಗೆ ಕೊಡುವವರು ದೊರೆತುದರಿಂದ, ಮಾಲೀಕರು ಕರಾರಿನ ಅವಧಿ ಮುಗಿಯುವ ಮೊದಲೇ "ಈ ತಿಂಗಳು ಖಾಲಿ ಮಾಡಿಬಿಡಿ ಸಾರ್" ಎಂದರು. ಕೆಲವೇ ದಿನಗಳಲ್ಲಿ ಟ್ಯಾಂಕಿನಿಂದ ನಮ್ಮ ಮನೆಗೆ ಬರುವ ನೀರಿನ ವಾಲ್ವ್ ಮುಚ್ಚಿತು. ಪಕ್ಕದ ಮನೆಯಲ್ಲಿದ್ದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು "ಜಗಳ ಆಡಿದ್ರೆ ಅಡ್ವಾನ್ಸ್ ಹೋಗತ್ತಣ್ಣ" ಎಂದು ಪಾತ್ರೆಪಗಡಿ ಕಟ್ಟಿದಳು. ನಮ್ಮಲ್ಲಿ ಕರಾರುಪತ್ರವೂ, ಪ್ರತಿ ತಿಂಗಳು ಬ್ಯಾಂಕಿನ ಮೂಲಕವೇ ಸಂದಾಯವಾದ ಬಾಡಿಗೆಯ ಲೆಕ್ಕವೂ ಇದ್ದುದರಿಂದ ವಕೀಲರ ನೋಟಿಸೊಂದು ಸಾಕಾಯಿತು; ನೀರು ಮರಳಿ ಬಂದಿತು. ಆಕೆಗಿದ್ದ ಹಕ್ಕು ನಮ್ಮದಕ್ಕಿಂತ ಲವಮಾತ್ರವೂ ಕಡಿಮೆಯದಾಗಿರಲಿಲ್ಲ.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯಿದೆಯ ಆಶ್ರಯದಿಂದ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳು ಹೊರಗುಳಿದುವು. ಎಂದರೆ ಇಂದಿನ ದರದಲ್ಲಿ ನಮ್ಮಂಥವರ ಮನೆಗಳೆಲ್ಲ ಬಹುಮಟ್ಟಿಗೆ ಹೊರಗೇ. ಇದು ಶೋಚನೀಯ. ಆದರೂ ಹೊರಗುಳಿದವರು ಅನಾಥರಲ್ಲ. ಬೇರೆ ಕರಾರಿಲ್ಲದಿರುವಲ್ಲಿ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ನೋಟಿಸು ಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಕಲಮು ವಿಧಿಸುತ್ತದೆ. ನೋಟಿಸಿನ ಅವಧಿ ಕಳೆದ ಮೇಲೂ ಒಪ್ಪದವನನ್ನು ಹೊರಡಿಸಬೇಕಾದದ್ದು ನ್ಯಾಯಾಲಯದ ತೀರ್ಪೇ ಹೊರತು ಮಾಲೀಕನ ಬೀಗವಲ್ಲ. ನೆಲೆಯೂರಿದ ಸ್ವಾಧೀನದಲ್ಲಿರುವವನಿಗೆ ಅಲ್ಲಿರುವ ಹಕ್ಕೇ ಇಲ್ಲವೆಂದಿಟ್ಟುಕೊಂಡರೂ ಕಾನೂನಿನ ಮಾರ್ಗದಿಂದಲ್ಲದೆ ಅವನನ್ನು ತೆರವುಗೊಳಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1989ರ ಕೃಷ್ಣರಾಮ ಮಹಾಲೆ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗೆ ಬಲಾತ್ಕಾರದಿಂದ ಹೊರದಬ್ಬಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಂತೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮನೆಯ ಒಡೆತನ ಯಾರದೆಂಬ ವಾದ ಅಲ್ಲಿ ನಿಲ್ಲದು.

ಆದರೆ ಹಕ್ಕಿನ ಬೆನ್ನಿಗೆ ದಾಖಲೆಯೂ ಇರಬೇಕು. ಆದಕಾರಣ ಅಡ್ವಾನ್ಸನ್ನೂ ಬ್ಯಾಂಕಿನ ಮೂಲಕವೇ ಕೊಡತಕ್ಕದ್ದು. ಅದರ ಮೊತ್ತವೂ, ಮನೆ ಬಿಟ್ಟ ದಿನವೇ ಹಿಂದಿರುಗಿಸುವ ಮಾತೂ ಕರಾರಿನಲ್ಲಿ ಬರೆದಿರಬೇಕು. ಜಗಳ ಹುಟ್ಟಿದಾಗ "ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ" ಎಂದು ಬಾಡಿಗೆ ನಿಲ್ಲಿಸುವುದನ್ನು ಹಲವರಲ್ಲಿ ಕಂಡಿದ್ದೇನೆ. ಮಾಲೀಕನು ಒಪ್ಪದಿರುವಾಗ ಹಾಗೆ ಮಾಡಿದವನು ನ್ಯಾಯಾಲಯದ ಮುಂದೆ ಬಾಕಿದಾರನಾಗಿ ನಿಲ್ಲಬೇಕಾಗುತ್ತದೆ.