ಮಧುಮೇಹವೂ ಬುದ್ಧಿಶಕ್ತಿಯೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದವರಿಲ್ಲ. ಮನೆಯ ಹಿರಿಯರು ಹೇಳಿದ್ದನ್ನೇ ಮರಳಿ ಹೇಳಿದರೆ, ದಿನಸಿಯ ಲೆಕ್ಕದಲ್ಲಿ ತಪ್ಪಿದರೆ, ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಕೆಲವು ವೇಳೆ ಗದರಿಸುವುದೂ ಉಂಟು. ಆದರೆ ಆ ಹಿರಿಯರಿಗೆ ಮಧುಮೇಹವಿದ್ದ ಪಕ್ಷದಲ್ಲಿ ಗಾದೆಯನ್ನು ನಂಬಿ ಕುಳಿತುಕೊಳ್ಳುವುದು ತರವಲ್ಲ. ಈ ವ್ಯಾಧಿಯು ಕಣ್ಣು, ಮೂತ್ರಪಿಂಡ, ಪಾದಗಳನ್ನು ಬಾಧಿಸುವಂತೆಯೇ ಮಿದುಳನ್ನೂ ಬಾಧಿಸಬಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವುದರಿಂದ, ಈ ಪಾಠವು ನಮ್ಮಲ್ಲಿ ಅನೇಕರ ಮನೆಗೆ ಸಂಬಂಧಪಟ್ಟುದೇ ಆಗಿದೆ.

ಮಿದುಳಿನ ತೂಕವು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೂ ದೇಹವು ವಿಶ್ರಮಿಸುತ್ತಿರುವಾಗ ವ್ಯಯವಾಗುವ ಶಕ್ತಿಯಲ್ಲಿ ಸುಮಾರು 20 ಪಾಲನ್ನು ಅದೇ ತೆಗೆದುಕೊಳ್ಳುತ್ತದೆ. ಅದರ ಮುಖ್ಯ ಆಹಾರವು ರಕ್ತದಲ್ಲಿರುವ ಗ್ಲೂಕೋಸ್ ಎಂಬ ಸಕ್ಕರೆ. ಇದನ್ನು ಕೂಡಿಟ್ಟುಕೊಳ್ಳುವ ಕಣಜವು ಮಿದುಳಿನಲ್ಲಿ ಇಲ್ಲವೆಂದೇ ಹೇಳಬಹುದು. ಆದಕಾರಣ ರಕ್ತದ ಸಕ್ಕರೆಯು ಬಹುಕಾಲ ಹೆಚ್ಚಾಗಿರುವುದೂ, ಥಟ್ಟನೆ ಕುಗ್ಗುವುದೂ, ಎರಡೂ ಅದಕ್ಕೆ ಕೇಡು.

ಭೂಗೋಳದ ತರಗತಿಯಲ್ಲಿ ನೀವು ಬರೆದ ಜಿಲ್ಲೆಯ ನಕ್ಷೆಯನ್ನು ನೆನೆದುಕೊಳ್ಳಿರಿ. ಮಿದುಳಿನ ಬೂದುಬಣ್ಣದ ಭಾಗಗಳು ಊರುಗಳಂತೆ. ಒಳಗಿನ ಬಿಳಿಯ ನರತಂತುಗಳು ಆ ಊರುಗಳನ್ನು ಕೂಡಿಸುವ ರಸ್ತೆಗಳಂತೆ. ಮಧುಮೇಹವು ಈ ತಂತುಗಳನ್ನು ಪೋಷಿಸುವ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಊರುಗಳು ನಿಂತಿದ್ದರೂ ರಸ್ತೆ ಹಾಳಾದರೆ ಅಂಚೆಯು ತಡವಾಗುವುದಷ್ಟೆ? ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ವಿದ್ವಾಂಸರು ಎಂ.ಆರ್.ಐ. ಯಂತ್ರದಿಂದ ಈ ತಂತುಗಳ ಜಾಲವನ್ನು ಪರೀಕ್ಷಿಸಿ, ಮಧುಮೇಹಿಗಳಲ್ಲಿ ಜಾಲವು ಸಡಿಲಗೊಂಡಂತೆ ಯೋಚನೆಯ ವೇಗವೂ ಕುಂದಿರುವುದನ್ನು 2013ರಲ್ಲಿ ಪ್ರಕಟಿಸಿದರು. ಈ ಸಂಗತಿಯ ಸುಳಿವು ಹೊಸದಲ್ಲ. ಇನ್ಸುಲಿನ್ ಔಷಧವನ್ನು ಮನುಷ್ಯರಿಗೆ ಮೊದಲು ಕೊಟ್ಟ 1922ರಲ್ಲಿಯೇ, ಅಮೆರಿಕದ ಮೈಲ್ಸ್ ಮತ್ತು ರೂಟ್ ಎಂಬವರು ಮಧುಮೇಹಿಗಳ ಜ್ಞಾಪಕವೂ ಅವಧಾನವೂ ಇತರರಿಗಿಂತ ಕಡಿಮೆಯಾಗಿರುವುದನ್ನು ಗುರುತಿಸಿದ್ದರು.

ಮಧುಮೇಹಿಗಳೆಲ್ಲರ ಬುದ್ಧಿಯೂ ಮಂಕಾಗುವುದೆಂದು ಹೆದರಬೇಕಾಗಿಲ್ಲ. ಬಹು ಮಂದಿಯಲ್ಲಿ ಈ ಬದಲಾವಣೆಯು ಅಲ್ಪವಾಗಿದ್ದು ನಿಧಾನವಾಗಿ ನಡೆಯುತ್ತದೆ. ಆದರೆ ರಾಟರ್ಡ್ಯಾಮಿನಲ್ಲಿ 6,000ಕ್ಕೂ ಮಿಕ್ಕ ವೃದ್ಧರನ್ನು ಕುರಿತು ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬುದ್ಧಿಭ್ರಮಣೆಯ ರೋಗವು ತಗಲುವ ಸಂಭವವು ಮಧುಮೇಹಿಗಳಿಗೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಹಾಗಾದರೆ ಸಕ್ಕರೆಯನ್ನು ಎಷ್ಟು ತಗ್ಗಿಸಿದರೆ ಅಷ್ಟು ಒಳ್ಳೆಯದೋ? ಅಲ್ಲ. ಬಹಳ ಕಟ್ಟುನಿಟ್ಟಾಗಿ ತಗ್ಗಿಸಿದವರ ಬುದ್ಧಿಶಕ್ತಿಗೆ ಅದರಿಂದ ವಿಶೇಷ ಲಾಭವಾಗಲಿಲ್ಲವೆಂದು 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಿಂದ ತಿಳಿದುಬಂದಿತು. ವೃದ್ಧರಿಗೆ ಎಷ್ಟಿರಬೇಕೆಂಬುದನ್ನು ವೈದ್ಯರೇ ನಿರ್ಣಯಿಸತಕ್ಕದ್ದು.

ಇಲ್ಲಿ ಒಂದು ಅಪಾಯವನ್ನು ಚೆನ್ನಾಗಿ ಗಮನಿಸಿರಿ. ಮರೆವುಳ್ಳವರು ಬೆಳಿಗ್ಗೆ ತೆಗೆದುಕೊಂಡ ಇನ್ಸುಲಿನ್ನನ್ನು ಮರೆತು ಮತ್ತೊಮ್ಮೆ ಚುಚ್ಚಿಕೊಳ್ಳಬಹುದು. ಇಲ್ಲವೆ ಔಷಧ ತೆಗೆದುಕೊಂಡು ಊಟವನ್ನು ಮರೆಯಬಹುದು. ಆಗ ಸಕ್ಕರೆಯು 70 ಮಿಲಿಗ್ರಾಮಿಗಿಂತ ಕೆಳಗಿಳಿದು ಬೆವರು, ನಡುಕ, ತಡವರಿಕೆಯ ಮಾತು, ಕಾರಣವಿಲ್ಲದ ಸಿಟ್ಟು ಕಾಣಿಸಿಕೊಳ್ಳುತ್ತವೆ. ಅದನ್ನು ಹಟವೆಂದು ತಿಳಿಯದೆ, ಎಚ್ಚರವಿರುವಾಗಲೇ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. 15 ನಿಮಿಷದ ಮೇಲೆ ರಕ್ತವನ್ನು ಮತ್ತೆ ಪರೀಕ್ಷಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಒಡನೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಔಷಧ ಕೊಟ್ಟ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು, ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ದಿನವೂ ನಡೆದಾಡಿಸುವುದು, ಇವು ಮನೆಯವರು ಮಾಡಬಹುದಾದ ಸೇವೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹು ವರ್ಷ ನುಂಗಿದವರಲ್ಲಿ ಬಿ12 ಜೀವಸತ್ವವು ಕಡಿಮೆಯಾಗಿ, ಅದರಿಂದಲೂ ಮರೆವು ಬರಬಹುದು. ಅದು ರಕ್ತಪರೀಕ್ಷೆಯಿಂದ ತಿಳಿಯುವಂಥದು, ಚಿಕಿತ್ಸೆಗೆ ಒಳಪಡುವಂಥದು. ಆದುದರಿಂದ ಮರೆವು ಕಂಡಾಗ ವೈದ್ಯರಿಗೆ ತಪ್ಪದೆ ತಿಳಿಸಿರಿ.

ಹತ್ತು ಆಜ್ಞೆಗಳಲ್ಲಿ ತಂದೆತಾಯಿಗಳ ವಿಷಯವಾದುದನ್ನು ಈ ಶಾಲೆಯಲ್ಲಿ ಕಂಠಪಾಠ ಮಾಡಿದ ಹೆಣ್ಣುಮಕ್ಕಳೇ, ನಿಮ್ಮ ತಾಯಿಯು ಕೇಳಿದ್ದನ್ನೇ ಮೂರನೆಯ ಸಾರಿ ಕೇಳಿದಾಗ ಬೇಸರಗೊಳ್ಳದಿರಿ. ತಪ್ಪು ಆಕೆಯದಲ್ಲ, ಒಳಗಿನ ರಸ್ತೆ ಸವೆದಿದೆ. ಮೂರನೆಯ ಸಾರಿಯೂ ಸಮಾಧಾನದಿಂದ ಉತ್ತರ ಕೊಟ್ಟು, ಆ ದಿನದ ಔಷಧದ ಪುಸ್ತಕವನ್ನು ತೆರೆದು ನೋಡಿರಿ.