ಅಲ್ಪ ಸ್ಮೃತಿಯ ಯಂತ್ರಗಳಲ್ಲಿ ಲಿಪಿಪರಿವರ್ತನೆ

ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರದ ಉಸ್ತುವಾರಿಗಾಗಿ ಹುಟ್ಟಿಕೊಂಡ ಸಂಸ್ಥೆಯ ಮುಂದುವರಿಕೆ. ನಾಡಿನ ಗ್ರಾಮ ಪಂಚಾಯಿತಿಗಳಲ್ಲಿ ನೆಲೆಗೊಳಿಸಿದ 6,000ಕ್ಕೂ ಮಿಕ್ಕ ಮಳೆಮಾಪಕಗಳು ಸೂರ್ಯನ ಬೆಳಕಿನಿಂದ ಶಕ್ತಿಯನ್ನು ಪಡೆದು, 15 ನಿಮಿಷಗಳಿಗೊಮ್ಮೆ ಬಿದ್ದ ಮಳೆಯ ಲೆಕ್ಕವನ್ನು ಈ ಕೇಂದ್ರಕ್ಕೆ ಕಳುಹಿಸುವಂತೆ ವ್ಯವಸ್ಥೆಯಾಗಿದೆ. ಪ್ರವಾಹದ ಮುನ್ನೆಚ್ಚರಿಕೆ, ಬರದ ನಿರ್ಣಯ, ಹವಾಮಾನ ಆಧಾರಿತ ಬೆಳೆ ವಿಮೆ ಇವುಗಳಿಗೆಲ್ಲ ಇಂತಹ ಲೆಕ್ಕವೇ ಆಧಾರ. ಒಂದು ಮಾಪಕ ಮೂಕವಾದರೆ ಆ ಊರಿನ ಮಳೆ ಕಾಗದದ ಮೇಲೆ ಬೀಳದೇ ಹೋಗುತ್ತದೆ. ರೈತನ ಪಾಲಿಗೆ ಇದು ಸಣ್ಣ ನಷ್ಟವಲ್ಲ.

ಇಂತಹ ಉಪಕರಣಗಳೊಳಗೆ ಒಂದು ಪುಟ್ಟ ಗಣಕವಿರುತ್ತದೆ. ಅದು ಏನನ್ನು ಯಾವಾಗ ಮಾಡಬೇಕೆಂಬ ವಿಧಿಗಳ ಲಿಪಿಗೆ ಫರ್ಮ್‌ವೇರ್ ಎಂದು ಹೆಸರು. ಕಾಲಾನುಕ್ರಮದಲ್ಲಿ ಅದರಲ್ಲಿ ದೋಷ ಕಾಣಿಸಿಕೊಳ್ಳಬಹುದು. ದೂರವಾಣಿ ಜಾಲದ ರೀತಿ ಬದಲಾಗಬಹುದು. ಆಗ ಹಳೆಯ ಲಿಪಿಯನ್ನು ತೆಗೆದು ಹೊಸದನ್ನು ಬರೆಯಬೇಕಾಗುತ್ತದೆ. ನೂರಾರು ಮೈಲಿ ದೂರದಲ್ಲಿರುವ ಯಂತ್ರದ ಲಿಪಿಯನ್ನು, ಅದು ಕೆಲಸ ಮಾಡುತ್ತಿರುವಾಗಲೇ, ಕೆಡದಂತೆ ಬದಲಾಯಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲಿಗೆ ಸ್ಥಳಾಭಾವದ ಸ್ವರೂಪವನ್ನು ಅರಿಯಬೇಕು. ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಎಟಿಮೆಗಾ 328 ಎಂಬ ಗಣಕಚಿಪ್ಪಿನಲ್ಲಿ ಲಿಪಿಗೆ ದೊರೆಯುವ ಸ್ಥಳ 32 ಕಿಲೋಬೈಟ್. ಕೆಲಸದ ವೇಳೆಯ ನೆನಪಿಗೆ ಕೇವಲ 2 ಕಿಲೋಬೈಟ್. ಇಂದಿನ ಪ್ರಚಲಿತ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ವರ್ಣಚಿಹ್ನೆಗೆ 3 ಬೈಟ್ ಬೇಕು. ಅಂದಮೇಲೆ ಈ ಯಂತ್ರದ ಸಮಸ್ತ ಜ್ಞಾನವೂ ಕನ್ನಡದ ಸುಮಾರು 10,900 ಚಿಹ್ನೆಗಳಷ್ಟು ಜಾಗದಲ್ಲಿ ಅಡಗಬೇಕು. ಒಂದು ಸಾಧಾರಣ ಪ್ರಬಂಧಕ್ಕೆ ಮಾತ್ರ ಸಾಲುವ ಎಡೆ ಅದು.

ಇನ್ನು ಲಿಪಿ ನಿಲ್ಲುವ ಆಧಾರದ ಗುಣವನ್ನು ನೋಡೋಣ. ಹಿಂದಿನವರು ಬರೆಯುತ್ತಿದ್ದುದು ಮುಖ್ಯವಾಗಿ ಎರಡು ಬಗೆಯ ಆಧಾರಗಳ ಮೇಲೆ. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರವನ್ನು ಅಳಿಸಲಾಗದು. ಕಡತವಾದರೋ ಹುಣಿಸೆಬೀಜದ ಅಂಟಿಗೆ ಇದ್ದಿಲನ್ನು ಬೆರೆಸಿ ಬಳಿದ ಬಟ್ಟೆ. ಬಳಪದಿಂದ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಯಂತ್ರಗಳಲ್ಲಿಯೂ ಈ ಎರಡು ಜಾತಿಗಳುಂಟು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಹಾಗೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸುವ ಮತಯಂತ್ರಗಳ ಲಿಪಿಯನ್ನು ಒಮ್ಮೆ ಮಾತ್ರ ಬರೆಯಲು ಬರುವ ಚಿಪ್ಪಿನಲ್ಲಿ ಕೂರಿಸಲಾಗುತ್ತದೆ. ಅಲ್ಲಿ ಬದಲಾಗದಿರುವುದೇ ಉದ್ದೇಶ. ಅದು ಓಲೆಗರಿಯ ಮಾರ್ಗ. ಕಾಲಕ್ಕೆ ತಕ್ಕಂತೆ ತಿದ್ದಬೇಕಾದ ಯಂತ್ರಗಳದು ಕಡತದ ಮಾರ್ಗ. ಅವುಗಳಲ್ಲಿರುವ ಫ್ಲ್ಯಾಶ್ ಸ್ಮೃತಿಯಲ್ಲಿ ಒಂದು ಅಕ್ಷರವನ್ನಷ್ಟೇ ಒರೆಸಲಾಗದು. ಒಂದು ಪುಟವನ್ನು ಇಡಿಯಾಗಿ ಅಳಿಸಿಯೇ ಮತ್ತೆ ಬರೆಯಬೇಕು. ಮೇಲೆ ಹೇಳಿದ ಚಿಪ್ಪಿನಲ್ಲಿ ಆ ಪುಟದ ಅಳತೆ 128 ಬೈಟ್. ಹೀಗೆ ಅಳಿಸಿ ಬರೆಯುವುದಕ್ಕೆ ಅದು ತಾಳಿಕೊಳ್ಳುವುದು ಸುಮಾರು 10,000 ಸಲ.

ಅಪಾಯವಿರುವುದು ಇಲ್ಲಿಯೇ. ಹಳೆಯ ಪುಟಗಳಲ್ಲಿ ಅರ್ಧ ಅಳಿದು, ಹೊಸದರಲ್ಲಿ ಅರ್ಧ ಮೂಡಿರುವ ಗಳಿಗೆಯಲ್ಲಿ ವಿದ್ಯುತ್ತು ಹೋಯಿತೆನ್ನಿ; ಯಂತ್ರ ಮತ್ತೆ ಎಚ್ಚೆತ್ತಾಗ ಅದರ ಬಳಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅಂತಹ ಯಂತ್ರವನ್ನು ಬಲ್ಲವರು ಇಟ್ಟಿಗೆಯೆಂದು ಕರೆಯುತ್ತಾರೆ. ಈ ದುರ್ಗತಿಯನ್ನು ತಪ್ಪಿಸಲು ಅನುಸರಿಸುವ ನಿಯಮಗಳು ಕೆಲವುಂಟು.

ಮೊದಲನೆಯದು, ಮೂಲರಕ್ಷಣೆ. ಸ್ಮೃತಿಯ ಒಂದು ಮೂಲೆಯಲ್ಲಿ ಬೂಟ್‌ಲೋಡರ್ ಎಂಬ ಕಿರುಲಿಪಿಯನ್ನಿಟ್ಟು, ಅದನ್ನು ಯಾರೂ ಅಳಿಸದಂತೆ ಬೀಗ ಹಾಕಬೇಕು. ಯಂತ್ರ ಎಚ್ಚೆತ್ತೊಡನೆ ಮೊದಲು ಓಡುವುದು ಇದೇ. ಮುಖ್ಯಲಿಪಿ ಸರಿಯಾಗಿದೆಯೇ ಎಂದು ನೋಡಿ, ಸರಿಯಿದ್ದರೆ ಅಧಿಕಾರವನ್ನು ಅದಕ್ಕೆ ಒಪ್ಪಿಸುವುದು, ಇಲ್ಲವಾದರೆ ಹೊಸ ಪ್ರತಿಯನ್ನು ಬೇಡುವುದು ಇದರ ಕರ್ತವ್ಯ. ಕೇವಲ 512 ಬೈಟ್‌ಗಳಲ್ಲಿ ಅಡಗುವ ಬೂಟ್‌ಲೋಡರ್‌ಗಳೂ ಇವೆ. ಸ್ಥಳ ಸಾಲದೆಂದು ಇದನ್ನು ಕೈಬಿಡುವುದು ಬಿತ್ತನೆಯ ಬೀಜವನ್ನು ಕುಟ್ಟಿ ಉಂಡಂತೆ.

ಎರಡನೆಯದು, ಪ್ರತಿಶೋಧನೆ. ಬಂದ ಲಿಪಿ ದಾರಿಯಲ್ಲಿ ಕೆಟ್ಟಿಲ್ಲವೆಂಬುದನ್ನು ಬರೆಯುವ ಮೊದಲೂ ಬರೆದ ಮೇಲೂ ಪರೀಕ್ಷಿಸಬೇಕು. ಛಂದಸ್ಸನ್ನು ಬಲ್ಲವರಿಗೆ ಇದು ಹೊಸತಲ್ಲ. ಕಂದಪದ್ಯದಲ್ಲಿ ಒಟ್ಟು 64 ಮಾತ್ರೆಗಳಿರಬೇಕು. ಲಿಪಿಕಾರನು ಒಂದಕ್ಷರವನ್ನು ಬಿಟ್ಟರೆ ಲೆಕ್ಕ ತಪ್ಪಿ ದೋಷ ಬಯಲಾಗುತ್ತದೆ. ಆದರೆ ಎರಡು ಲಘುಗಳು ಸ್ಥಾನಪಲ್ಲಟಗೊಂಡರೆ ಮಾತ್ರೆಯ ಮೊತ್ತ ಬದಲಾಗದು. ಆ ಅಕ್ಷರಗಳಲ್ಲಿ ಒಂದು ಪಾದದ ಎರಡನೆಯದಾಗಿದ್ದರೆ ಮಾತ್ರ ಆದಿಪ್ರಾಸ ಕೆಟ್ಟು ತಪ್ಪು ಕಣ್ಣಿಗೆ ಬೀಳುತ್ತದೆ. ಅಂತೆಯೇ ಬೈಟ್‌ಗಳನ್ನು ಬರಿದೆ ಕೂಡಿದರೆ ಪಲ್ಲಟದ ದೋಷ ಕಾಣದು. ಆದುದರಿಂದ ಪ್ರತಿಯೊಂದು ಬೈಟಿನ ಸ್ಥಾನವನ್ನೂ ಲೆಕ್ಕಕ್ಕೆ ಹಿಡಿಯುವ ಸಿಆರ್‌ಸಿ ಎಂಬ ಗಣನೆಯನ್ನು ಬಳಸುತ್ತಾರೆ. 32 ಬಿಟ್ಟಿನ ಸಿಆರ್‌ಸಿಯ ಕಣ್ಣನ್ನು ಮನಬಂದಂತೆ ಕೆಟ್ಟ ಲಿಪಿಯೊಂದು ತಪ್ಪಿಸಿಕೊಳ್ಳುವ ಸಂಭವ ಸುಮಾರು 429 ಕೋಟಿಗೆ ಒಂದು. ಇದು ಆಕಸ್ಮಿಕ ದೋಷಕ್ಕೆ ಮದ್ದೇ ಹೊರತು ವಂಚನೆಗಲ್ಲ. ಅಂಕಿತವಿದ್ದ ಮಾತ್ರಕ್ಕೆ ವಚನವು ಪ್ರಕ್ಷಿಪ್ತವಲ್ಲವೆಂದು ಹೇಳಲಾಗದಷ್ಟೆ. ಕಳುಹಿಸಿದವನು ಅಧಿಕೃತನೇ ಎಂಬುದನ್ನು ತಿಳಿಯಲು, ಗುಪ್ತ ಕೀಲಿಯಿಂದ ಒತ್ತಿದ ಗಣಿತಮುದ್ರೆ ಬೇರೆಯೇ ಬೇಕು.

ಮೂರನೆಯದು, ಹೊಸ ಪ್ರತಿ ಸಿದ್ಧವಾಗುವವರೆಗೂ ಹಳೆಯದನ್ನು ಅಳಿಸದಿರುವುದು. ಸ್ಮೃತಿ ವಿಪುಲವಾಗಿದ್ದರೆ ಎರಡು ಮನೆಗಳನ್ನು ಮಾಡಿ, ಒಂದರಲ್ಲಿ ಹಳೆಯದು ಓಡುತ್ತಿರುವಾಗ ಮತ್ತೊಂದರಲ್ಲಿ ಹೊಸದನ್ನು ಬರೆಯಬಹುದು. ಆದರೆ 32 ಕಿಲೋಬೈಟಿನಲ್ಲಿ ಎರಡು ಮನೆ ಮಾಡಿದರೆ ಲಿಪಿಯ ಗಾತ್ರವೇ ಅರ್ಧಕ್ಕಿಳಿಯುತ್ತದೆ. ಇಲ್ಲಿ ಯಂತ್ರಜ್ಞನು ವಿವೇಚಿಸಬೇಕು. ಹೊರಗೆ ಅಗ್ಗದ ಸ್ಮೃತಿಚಿಪ್ಪೊಂದನ್ನು ಜೋಡಿಸಿ, ಹೊಸ ಲಿಪಿಯನ್ನು ಮೊದಲು ಅಲ್ಲಿ ಇಳಿಸಿಕೊಂಡು, ಪರೀಕ್ಷಿಸಿ, ಆಮೇಲೆ ಒಳಕ್ಕೆ ನಕಲು ಮಾಡುವುದು ಒಂದು ಉಪಾಯ. ನಕಲಿನ ನಡುವೆ ವಿದ್ಯುತ್ತು ಹೋದರೂ ಮೂಲಪ್ರತಿ ಹೊರಗೆ ಅಕ್ಷತವಾಗಿರುವುದರಿಂದ ಬೂಟ್‌ಲೋಡರ್ ಮೊದಲಿನಿಂದ ನಕಲಿಸುತ್ತದೆ. ಹೊಸ ಪ್ರತಿಯನ್ನು ನೇರವಾಗಿ ಹಳೆಯದರ ಮೇಲೆಯೇ ಬರೆಯುವುದು ಇನ್ನೊಂದು. ಬೂಟ್‌ಲೋಡರ್ ತಾನೇ ಸಂಪರ್ಕ ಸಾಧಿಸಬಲ್ಲುದಾದರೆ ಮಾತ್ರ ಇದು ಸಾಧು. ಮೇಜಿನ ಮೇಲೆ ತಂತಿಯಿಂದ ಜೋಡಿಸಿದ ಯಂತ್ರಕ್ಕೆ ಇದು ಸಾಕು. ಹೊಲದ ಅಂಚಿನ ಮಾಪಕಕ್ಕೆ ಸಾಲದು.

ನಾಲ್ಕನೆಯದು, ಸಮಾಪ್ತಿಯ ಗುರುತು. ಹಿಂದಿನ ಲಿಪಿಕಾರರು ಪ್ರತಿ ಮುಗಿಯಿತೆಂಬ ಮಾತನ್ನು ಬರೆಯುತ್ತಿದ್ದುದು ಕೊನೆಯ ಗರಿಯಲ್ಲಿ. ಇಲ್ಲಿಯೂ ‘ಈ ಲಿಪಿ ಸಿಂಧು’ ಎಂಬ ಚಿಹ್ನೆಯನ್ನು ಎಲ್ಲವನ್ನೂ ಬರೆದು, ಓದಿ, ಸರಿಯೆಂದು ಕಂಡ ಮೇಲೆಯೇ ಹಾಕಬೇಕು. ಮೊದಲೇ ಹಾಕಿದ ಗುರುತು ಸುಳ್ಳು ಸಾಕ್ಷಿಯಾಗುತ್ತದೆ.

ಐದನೆಯದು, ಪರೀಕ್ಷಾಕಾಲ. ಲಿಪಿ ಅಕ್ಷರಶಃ ಶುದ್ಧವಾಗಿದ್ದರೂ ಅರ್ಥತಃ ದೋಷಯುಕ್ತವಾಗಿರಬಹುದು. ಆದುದರಿಂದ ಹೊಸದನ್ನು ಮೊದಲು ಪ್ರಯೋಗಾರ್ಥ ಓಡಿಸಬೇಕು. ಅದು ಮಳೆಯನ್ನು ಅಳೆದು, ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ, ಉತ್ತರವನ್ನು ಪಡೆದ ಬಳಿಕ ಮಾತ್ರ ಖಾಯಂ ಆಗಬೇಕು. ಗೊತ್ತಾದ ಅವಧಿಯಲ್ಲಿ ಅದು ತನ್ನ ಇರವನ್ನು ಸಾರದಿದ್ದರೆ, ವಾಚ್‌ಡಾಗ್ ಎಂಬ ಕಾವಲು ಗಡಿಯಾರವು ಯಂತ್ರವನ್ನು ಮರಳಿ ಎಬ್ಬಿಸಿ ಹಳೆಯ ಲಿಪಿಗೆ ಹಿಂದಿರುಗಿಸಬೇಕು. ಹಳೆಯ ಪ್ರತಿಯನ್ನೂ ಹೊರಚಿಪ್ಪಿನಲ್ಲಿ ಕಾದಿರಿಸಿದ್ದರೆ ತಾನೆ ಇದು ಸಾಧ್ಯ!

ಈ ನಿಯಮಗಳನ್ನು ಮೀರಿದರೆ ಏನಾಗುವುದೆಂಬುದಕ್ಕೆ ಮಂಗಳ ಗ್ರಹದಲ್ಲೊಂದು ನಿದರ್ಶನವಿದೆ. 1976ರ ಜುಲೈ 20ರಂದು ಅಲ್ಲಿ ಇಳಿದ ಅಮೆರಿಕದ ವೈಕಿಂಗ್ 1 ನೌಕೆಯು ಆರು ವರ್ಷಗಳಿಗೂ ಮೀರಿ ಕೆಲಸ ಮಾಡಿತು. ಸೊರಗುತ್ತಿದ್ದ ಬ್ಯಾಟರಿಯನ್ನು ಸುಧಾರಿಸಲೆಂದು 1982ರ ನವೆಂಬರಿನಲ್ಲಿ ಕಳುಹಿಸಿದ ಹೊಸ ಲಿಪಿಯು, ಆಂಟೆನಾವನ್ನು ಭೂಮಿಯತ್ತ ತಿರುಗಿಸುವ ವಿವರಗಳ ಮೇಲೆಯೇ ಬರೆದುಕೊಂಡಿತು. ಆ ಬಳಿಕ ನೌಕೆಯ ದನಿ ಮತ್ತೆ ಕೇಳಿಬರಲಿಲ್ಲ.

ಜಾಣತನದ ನಿದರ್ಶನವೂ ಉಂಟು. 1977ರಲ್ಲಿ ಹೊರಟ ವಾಯೇಜರ್ 1ರ ಗಣಕಗಳ ಒಟ್ಟು ಸ್ಮೃತಿ ಸುಮಾರು 70 ಕಿಲೋಬೈಟ್. 2023ರ ನವೆಂಬರಿನಲ್ಲಿ ಅದರ ಸ್ಮೃತಿಯ ಒಂದು ಚಿಪ್ಪು ಕೆಟ್ಟು, ಬರುವ ಸಂದೇಶಗಳೆಲ್ಲ ಅರ್ಥಹೀನವಾದವು. ಕೆಟ್ಟ ಭಾಗದ ಲಿಪಿಯನ್ನು ಇಡಿಯಾಗಿ ಇಡುವಷ್ಟು ತೆರವು ಬೇರೆಲ್ಲಿಯೂ ಇರಲಿಲ್ಲ. ಯಂತ್ರಜ್ಞರು ಅದನ್ನು ತುಂಡುಮಾಡಿ ಬೇರೆಬೇರೆ ಎಡೆಗಳಲ್ಲಿ ಇರಿಸಿ, ಅವುಗಳ ಪರಸ್ಪರ ಸಂಬಂಧ ತಪ್ಪದಂತೆ ವಿಳಾಸಗಳನ್ನು ತಿದ್ದಿದರು. ಮೊದಲ ತುಂಡನ್ನು 2024ರ ಏಪ್ರಿಲ್ 18ರಂದು ಕಳುಹಿಸಲಾಯಿತು. ಸಂದೇಶ ಒಂದು ಕಡೆಗೆ ಮುಟ್ಟಲು 22 ಗಂಟೆಗೂ ಹೆಚ್ಚು ಹೊತ್ತು. ಏಪ್ರಿಲ್ 20ರಂದು ಅರ್ಥವಾಗುವ ಉತ್ತರ ಬಂದಿತು.

ನಮ್ಮ ನಾಡಿನ ಮಳೆಮಾಪಕಗಳಂತಹ ಉಪಕರಣಗಳಿಗೆ ಇವುಗಳಿಂದ ದೊರೆಯುವ ಪಾಠ ಸ್ಪಷ್ಟ. ಮುಂಗಾರಿನ ಮೋಡದಡಿ ಬ್ಯಾಟರಿ ಸೊರಗಿರುವಾಗ ಲಿಪಿಯನ್ನು ಬದಲಿಸಬಾರದು. ಬೇಸಗೆಯ ಹಗಲು ಪ್ರಶಸ್ತ. ವಿದ್ಯುತ್ತಿನ ಮಟ್ಟವನ್ನು ಯಂತ್ರವೇ ಅಳೆದು ಸಮ್ಮತಿಸಬೇಕು. ಕೂಡಿಟ್ಟ ಮಳೆಯ ಲೆಕ್ಕವನ್ನು ಲಿಪಿಯಿಂದ ಬೇರೆಯಾದ ಎಡೆಯಲ್ಲಿಟ್ಟು ಕಾಯಬೇಕು. ಎಲ್ಲ ಮಾಪಕಗಳನ್ನೂ ಒಮ್ಮೆಗೇ ತಿದ್ದದೆ ಹತ್ತನ್ನು ತಿದ್ದಿ, ಕೆಲವು ದಿನ ಕಾದು, ಆಮೇಲೆ ನೂರಕ್ಕೆ ಕೈಹಾಕಬೇಕು. ತಿದ್ದುಪಡಿಯಿಂದ ಆಗುವ ಲಾಭ ಅಲ್ಪವಾಗಿದ್ದರೆ ತಿದ್ದದೆ ಬಿಡುವುದೂ ವಿವೇಕವೇ.

ವಿಜ್ಞಾನದ ಅಧ್ಯಾಪಕರು ಈ ನಿಯಮಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಒಂದು ಸಣ್ಣ ಪ್ರಯೋಗವನ್ನು ಮಾಡಿಸುವುದು ಲೇಸು. ಪ್ರಯೋಗಶಾಲೆಯಲ್ಲಿ ಅಗ್ಗದ ಗಣಕಫಲಕವೊಂದಕ್ಕೆ ಹೊಸ ಲಿಪಿಯನ್ನು ಬರೆಯಿಸುತ್ತ, ನಡುವೆ ಬೇಕೆಂದೇ ವಿದ್ಯುತ್ತನ್ನು ಕಡಿಯಲಿ. ಆರಂಭದಲ್ಲಿ ಒಮ್ಮೆ, ಮಧ್ಯದಲ್ಲಿ ಒಮ್ಮೆ, ಕೊನೆಯ ಗುರುತು ಬೀಳುವ ಮುನ್ನ ಒಮ್ಮೆ. ಮೂರು ಸಲವೂ ಫಲಕ ಮರಳಿ ಎಚ್ಚೆತ್ತರೆ ವಿದ್ಯಾರ್ಥಿಯ ಏರ್ಪಾಡು ಸರಿಯೆಂದು ತಿಳಿಯಬಹುದು. ಅಂತಹ ಪರೀಕ್ಷೆಯಲ್ಲಿ ಗೆದ್ದ ಯಂತ್ರವನ್ನು ಮಾತ್ರ ಊರಿನ ಮಳೆಯನ್ನು ಎಣಿಸಲು ಕಳುಹಿಸಬೇಕು.