ರಾಸುಗಳ ಔಷಧಿ: ಚೀಟಿ, ಲೇಬಲ್ಲು ಮತ್ತು ಹಾಲು

ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆದ ಹಸುವಿನ ಬಾವು ಎರಡು ಮೂರು ದಿನಗಳಲ್ಲಿ ಇಳಿಯಬಹುದು. ಹಾಲೂ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಹೆಪ್ಪು ಹಾಕಿದರೆ ಮೊಸರಾಗದೆ ಹೋಗಬಹುದು. ಹಾಲಿನಲ್ಲಿ ಉಳಿದ ಪ್ರತಿಜೀವಕ ಔಷಧಿಯು ಹೆಪ್ಪಿನ ಸೂಕ್ಷ್ಮಜೀವಿಗಳನ್ನೂ ತಡೆಯುವುದೇ ಇದಕ್ಕೆ ಕಾರಣ. ಇದೇ ಹಾಲು ಮಗುವಿನ ಲೋಟಕ್ಕೂ ಡೇರಿಯ ಕ್ಯಾನಿಗೂ ಸೇರುತ್ತದೆ. ಪೆನಿಸಿಲಿನ್ ಒಗ್ಗದವರಿಗೆ ಅಪಾಯವಾಗಬಹುದು. ಕಾಯಿಸಿದ ಮಾತ್ರಕ್ಕೆ ಔಷಧಿಯ ಶೇಷ ಪೂರ್ಣವಾಗಿ ನಾಶವಾಗುವುದಿಲ್ಲ.

ಕಾನೂನಿನ ವರ್ಗೀಕರಣ

ರಾಸುಗಳ ಔಷಧಿಗಳಿಗೂ 1940ರ ಔಷಧಿ ಮತ್ತು ಕಾಂತಿವರ್ಧಕಗಳ ಕಾಯಿದೆ ಹಾಗೂ 1945ರ ನಿಯಮಗಳು ಅನ್ವಯಿಸುತ್ತವೆ. 'ಎಚ್' ಪಟ್ಟಿಯ ಔಷಧಿಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2013ರಲ್ಲಿ ಸೇರಿಸಿದ 'ಎಚ್ 1' ಪಟ್ಟಿಯ ಔಷಧಿಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಸೆಫ್ಟ್ರಿಯಾಕ್ಸೋನ್ ಈ ಪಟ್ಟಿಯಲ್ಲಿದೆ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಾಗಿರುವ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು 2019ರಲ್ಲಿ ನಿಷೇಧಿಸಲಾಗಿದೆ.

ಲೇಬಲ್ಲಿನಲ್ಲಿ ನೋಡಬೇಕಾದುದು

1. ಪ್ರಾಣಿಗಳ ಚಿಕಿತ್ಸೆಗೆ ಮಾತ್ರ ಎಂಬ ಬರಹ ಮತ್ತು ಸಾಕುಪ್ರಾಣಿಯ ತಲೆಯ ಚಿತ್ರ.
2. ಔಷಧಿಯ ಹೆಸರು, ಪ್ರಮಾಣ ಮತ್ತು ಅವಧಿ ಮುಗಿಯುವ ದಿನಾಂಕ.
3. ಕೊನೆಯ ಬಾರಿ ಔಷಧಿ ಕೊಟ್ಟ ಮೇಲೆ ಹಾಲು, ಮಾಂಸ ಬಳಸಲು ಕಾಯಬೇಕಾದ ಅವಧಿ.

ಕಾಯುವ ಅವಧಿ

ಇದನ್ನು ಮೊದಲ ಚುಚ್ಚುಮದ್ದಿನಿಂದಲ್ಲ, ಕೊನೆಯದರಿಂದ ಎಣಿಸಬೇಕು. ಲೇಬಲ್ಲಿನಲ್ಲಿ 4 ದಿನ ಎಂದಿದ್ದು, ಕೊನೆಯ ಮದ್ದು ಸೋಮವಾರ ಸಂಜೆ ಬಿದ್ದಿದ್ದರೆ, ಶುಕ್ರವಾರ ಸಂಜೆಯ ಹಾಲನ್ನೂ ಬಿಟ್ಟು ಶನಿವಾರ ಬೆಳಗಿನಿಂದ ಡೇರಿಗೆ ಹಾಕುವುದು ಕ್ಷೇಮ. ಪರೀಕ್ಷೆಯಿಂದ ಅವಧಿ ನಿಗದಿಯಾಗಿರದ ಔಷಧಿಗೆ 2012ರ ನಿಯಮದಂತೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಕಾಯಬೇಕು. ಒಂದೇ ಮೊಲೆಗೆ ಮದ್ದು ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ತಡೆಯಬೇಕು. ಹಾಲು ಕರೆಯುವುದನ್ನು ಮಾತ್ರ ನಿಲ್ಲಿಸಬಾರದು.

ಗಮನಿಸಬೇಕಾದ ಅಂಶಗಳು

* ನೆರೆಯವರ ಹಸುವಿಗೆ ಕೊಟ್ಟ ಹಳೆಯ ಚೀಟಿಯಿಂದ ಔಷಧಿ ತರಬಾರದು. ರೋಗ, ರಾಸಿನ ತೂಕ, ಗಬ್ಬ ಇವುಗಳನ್ನು ನೋಡಿ ಪಶುವೈದ್ಯರು ಪ್ರಮಾಣ ನಿರ್ಧರಿಸುತ್ತಾರೆ.
* ಬಾವು ಇಳಿಯಿತೆಂದು ಮದ್ದನ್ನು ನಡುವೆ ನಿಲ್ಲಿಸಬಾರದು. ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತಾಗಬಹುದು.
* ಔಷಧಿಯ ಹೆಸರು, ಕೊಟ್ಟ ದಿನ, ಹಾಲು ಬಿಡುವ ದಿನ ಇವುಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆಯಬೇಕು. ಹಾಲು ಕರೆಯುವ ಮನೆಯ ಹೆಣ್ಣುಮಕ್ಕಳಿಗೂ ಆಳುಗಳಿಗೂ ಇದನ್ನು ತಿಳಿಸಿರಬೇಕು.

ಕೆಲವು ದಿನಗಳ ಹಾಲನ್ನು ಚೆಲ್ಲುವುದು ನಷ್ಟವೇ ಸರಿ. ಆದರೆ ಒಂದು ಮನೆಯ ಔಷಧಿ ಬೆರೆತ ಹಾಲು ಊರಿನವರೆಲ್ಲರ ಹಾಲನ್ನೂ ಕೆಡಿಸಬಲ್ಲದು.